ಕರದಂಟಿನ ಅಂಟು, ಚರ್ಮದ ಪಟ್ಟಿ

ಹುನಗುಂದ ಸೀಮೆಯ ಅಮೀನಗಡದ ಕರದಂಟಿಗೆ ಹೆಸರು ಬಂದದ್ದೇ ಕರಿದ ಅಂಟಿನಿಂದ. ಕಾದ ತುಪ್ಪಕ್ಕೆ ಬಿದ್ದ ಹರಳು ಅರಳಿನಂತೆ ಉಬ್ಬುತ್ತದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಬಾಣಂತಿಗೆ ಅಂಟಿನುಂಡೆ ಕೊಡುವ ಈ ನೆಲದಲ್ಲಿ ಅಂಟೆಂದರೆ ಸೊಂಟಕ್ಕೆ ಬಲ. ಹಾಗಾಗಿ ಗಿಡದ ಅಂಟಿಗೆ ಸುಗಂಧ ತೈಲ ಸೇರಿಸಿ ನೋವಿನ ಪಟ್ಟಿ ಮಾಡಬಹುದು ಎಂದರೆ, ‘ಎರಡೂ ಗಿಡದ್ದ ಅಲ್ಲೇನ್ರಿ, ಏನೂ ಆಗೂದಿಲ್ಲ ಬಿಡ್ರಿ’ ಎಂಬ ಮಾತು ಬಂದೇ ಬರುತ್ತದೆ.

ತಿಂದರೆ ಬಲ ಕೊಡುವ ಅಂಟು ಹಚ್ಚಿದರೂ ಒಳಗಿಳಿಯುತ್ತದೆ ಎಂಬುದು ಮೊದಲ ತಪ್ಪು. ಚರ್ಮದ ಹೊರಪದರದ ದಪ್ಪ ಬರೀ 10ರಿಂದ 20 ಮೈಕ್ರೋಮೀಟರ್. ಕಾಗದಕ್ಕಿಂತ ತೆಳು, ಆದರೂ ಭಾರಿ ಬಿಗಿ. ಅಣುತೂಕ 500 ಡಾಲ್ಟನ್ ದಾಟಿದ ವಸ್ತು ಅದನ್ನು ಹಾಯುವುದು ಬಲು ಕಷ್ಟ. ನಿಕೋಟಿನ್ 162 ಡಾಲ್ಟನ್, ಸಲೀಸಾಗಿ ಹೋಗುತ್ತದೆ. ಸುಮಾರು 5,800 ಡಾಲ್ಟನ್ ಇರುವ ಇನ್ಸುಲಿನ್ ಹೊರಗೇ ಉಳಿಯುತ್ತದೆ. ಜಾಲಿ ಅಂಟಿನಂಥವುಗಳ ಅಣುತೂಕವೋ ಲಕ್ಷಗಳ ಲೆಕ್ಕದ್ದು. ಪಟ್ಟಿಯಲ್ಲಿ ಅಂಟಿನ ಕೆಲಸ ಔಷಧವನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದು, ಅಷ್ಟೇ.

ಹಾಗೆಂದು ಅದೇನು ಸಣ್ಣ ಕೆಲಸವಲ್ಲ. ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಫಾರ್ಮಸಿ ಕಾಲೇಜೂ ಸೇರಿದಂತೆ ಎಲ್ಲೆಡೆ ಬಿ.ಫಾರ್ಮ ವಿದ್ಯಾರ್ಥಿಗಳು ಚರ್ಮದ ಪಟ್ಟಿಯ ವಿಚಾರವನ್ನು ಏಳನೇ ಸೆಮಿಸ್ಟರಿನಲ್ಲಿ ಓದುತ್ತಾರೆ. ಮಾಡುವ ಬಗೆ ಹೀಗೆ: ಅಂಟನ್ನು ನೀರಲ್ಲಿ ಕರಗಿಸಿ, ಔಷಧ ಮತ್ತು ಗ್ಲಿಸರಿನ್ ಬೆರೆಸಿ, ಗಾಜಿನ ತಟ್ಟೆಗೆ ಸುರಿದು ಒಣಗಿಸಬೇಕು. ಗ್ಲಿಸರಿನ್ ಕಡಿಮೆಯಾದರೆ ಹಾಳೆ ಹಪ್ಪಳದಂತೆ ಮುರಿಯುತ್ತದೆ. ನೂಲಿಗೆ ಗಂಜಿ ಹಾಕುವ ಇಳಕಲ್ಲಿನ ನೇಕಾರರಿಗೆ ಈ ಹದ ಬೇರೆ ಹೇಳಬೇಕಿಲ್ಲ. ಒಣಗಿದ ಹಾಳೆಯನ್ನು ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಮಡಿಸಿ, ಎಷ್ಟನೇ ಮಡಿಕೆಗೆ ಹರಿಯಿತು ಎಂದು ಎಣಿಸುವುದೂ ಒಂದು ಪರೀಕ್ಷೆ.

ಹಾಗಾದರೆ ಬಾದಾಮಿ ಕಡೆಯ ಹೊಲದ ಬದುವಿನಲ್ಲಿರುವ ಜಾಲಿಯಿಂದಲೋ ಬೇವಿನಿಂದಲೋ ಅಂಟು ಕಿತ್ತು ತಂದರೆ ಸಾಲದೇ? ಸಾಲದು. ಅದರಲ್ಲಿ ತೊಗಟೆಯ ಚೂರು, ಮಣ್ಣು, ಇರುವೆ ಎಲ್ಲವೂ ಇರುತ್ತವೆ. ಕರಗಿಸಿ, ಸೋಸಿ, ಆಲ್ಕೋಹಾಲಿನಲ್ಲಿ ಬೇರ್ಪಡಿಸಿ ಒಣಗಿಸಿದ ಮೇಲೇ ಬಳಕೆಗೆ ಯೋಗ್ಯ. ಬೆವರು ತಾಗಿದರೆ ಅಂಟು ಉಬ್ಬಿ ಜಾರುತ್ತದೆ, ತೇವವಿದ್ದರೆ ಬೂಸ್ಟು ಹಿಡಿಯುತ್ತದೆ. ಅಂಗಡಿಯ ಔಷಧ ಪಟ್ಟಿಗಳಲ್ಲಿ ಬಹುತೇಕ ಕೃತಕ ಅಂಟೇ ಇರುವುದಕ್ಕೆ ಇದೂ ಒಂದು ಕಾರಣ. ಆದರೂ ಗಿಡದ ಅಂಟು ಚರ್ಮದ ಮೇಲೆ ಗೆದ್ದ ಉದಾಹರಣೆಯಿದೆ. ಕರುಳಿನ ಶಸ್ತ್ರಚಿಕಿತ್ಸೆಯಾದವರ ಹೊಟ್ಟೆಗೆ ಮಲ ಸಂಗ್ರಹದ ಚೀಲ ಅಂಟಿಸಲು ಕರಾಯಾ ಅಂಟು ದಶಕಗಳ ಕಾಲ ನೆರವಾಗಿದೆ.

ನಿಜಕ್ಕೂ ಹುಷಾರಾಗಿರಬೇಕಾದದ್ದು ಎಣ್ಣೆಯ ವಿಷಯದಲ್ಲಿ. ನೀಲಗಿರಿಯ ಸಿನಿಯೋಲ್, ಪುದೀನದ ಮೆಂಥಾಲ್ ಚರ್ಮದ ಹೊರಪದರದ ಜಿಡ್ಡನ್ನು ಸಡಿಲಿಸಿ ಔಷಧಕ್ಕೆ ದಾರಿ ಮಾಡಿಕೊಡುತ್ತವೆ. ಪಟ್ಟಿಗೆ ಅವನ್ನು ಅಳೆದು ಸೇರಿಸುವುದು ಅದಕ್ಕೇ. ನೇರವಾಗಿ ಸುರಿದುಕೊಂಡರೆ ಉರಿ, ಬೊಬ್ಬೆ, ಅಲರ್ಜಿ ಆಗಬಹುದು. ಗಾಳಿಗೆ ತೆರೆದಿದ್ದ ಹಳೆಯ ಲಿಂಬೆ ಎಣ್ಣೆ ಹೊಸದಕ್ಕಿಂತ ಹೆಚ್ಚು ಅಲರ್ಜಿ ತರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ನೀಲಗಿರಿ, ಕರ್ಪೂರದ ತೈಲಗಳ ಬಳಕೆಗೂ ಕೆಲವರಿಗೆ ಬಂದ ಫಿಟ್ಸಿಗೂ ನಂಟಿರುವುದನ್ನು ವರದಿ ಮಾಡಿದ್ದಾರೆ. ಎಳೆಗೂಸುಗಳ ಎದೆಗೆ, ಮೂಗಿಗೆ ಕರ್ಪೂರದೆಣ್ಣೆ ಸವರುವ ರೂಢಿಯನ್ನು ಬಿಡಲೇಬೇಕು.

ತಣ್ಣಗಾದರೆ ಮದ್ದು ಇಳಿಯಿತು ಎಂಬ ಲೆಕ್ಕವೂ ಸರಿಯಲ್ಲ. ಮೆಂಥಾಲ್ ತಂಪು ಗುರುತಿಸುವ ನರದ ತುದಿಗಳನ್ನು ತಟ್ಟುತ್ತದೆ, ಚರ್ಮ ತಣ್ಣಗಾದಂತೆ ಅನಿಸುತ್ತದೆ. ಔಷಧ ಎಷ್ಟು ಒಳಹೋಯಿತು ಎಂಬುದಕ್ಕೆ ಅದು ಸಾಕ್ಷಿಯಲ್ಲ. 1979ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದ ಪ್ರಯಾಣದ ವಾಂತಿಯ ಪಟ್ಟಿ ಕಿವಿಯ ಹಿಂದೆ ಮೂರು ದಿನ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಅದರಲ್ಲಿ ತಂಪೂ ಇಲ್ಲ, ಉರಿಯೂ ಇಲ್ಲ.

ಕೊನೆಯ ತಪ್ಪು ಶಾಖಕ್ಕೆ ಸಂಬಂಧಿಸಿದ್ದು. ಔಷಧ ಪಟ್ಟಿಯ ಮೇಲೆ ಬಿಸಿನೀರಿನ ಚೀಲವಿಟ್ಟರೆ ಬೇಗ ಗುಣವಾಗುತ್ತದೆ ಎಂದು ಶಾಖ ಕೊಡುವವರಿದ್ದಾರೆ. ಬಿಸಿಗೆ ಔಷಧ ಒಮ್ಮೆಲೇ ಹೆಚ್ಚು ಇಳಿಯುತ್ತದೆ. ತೀವ್ರ ನೋವಿಗೆ ಕೊಡುವ ಫೆಂಟನಿಲ್ ಪಟ್ಟಿಯಾದರೆ ಉಸಿರೇ ನಿಲ್ಲಬಹುದು. ಏಪ್ರಿಲ್ ಬಿಸಿಲಿನಲ್ಲಿ ಹೊರಗೆ ದುಡಿಯುವವರು, ಜ್ವರ ಬಂದವರು ಅಂಥ ಪಟ್ಟಿ ಹಾಕಿಕೊಂಡಿದ್ದರೆ ವೈದ್ಯರಿಗೆ ತಿಳಿಸಬೇಕು.