ಖಾಲಿ ಬಿಡಬಾರದೆಂದು ಬರೆದ ಕಾಲಂ

ಬೆಂಗಳೂರಿನ ತಂತ್ರಾಂಶ ಕಂಪೆನಿಯೊಂದರಲ್ಲಿ ಪ್ರಾಡಕ್ಟ್ ಮ್ಯಾನೇಜರ್ ಆಗಿರುವ ನನ್ನ ತಂಗಿಯ ಮಗಳು ಕಳೆದ ತಿಂಗಳು ಹದಿನಾಲ್ಕು ಪುಟಗಳ ದಾಖಲೆಯೊಂದನ್ನು ನನ್ನ ಮುಂದಿಟ್ಟಳು. 'ಮಾವ, ನೀವು ಜೀವನವಿಡೀ ಕಡತ ಬರೆದವರು. ಇದನ್ನೊಮ್ಮೆ ಓದಿ, ಅರ್ಥವಾಗದ ಕಡೆ ಗೆರೆ ಹಾಕಿ' ಎಂದಳು. ಚಿಲ್ಲರೆ ಅಂಗಡಿಯವರು ಉದ್ರಿ ಲೆಕ್ಕ ಬರೆದಿಡುವ ಮೊಬೈಲ್ ಆ್ಯಪ್‌ನ ಹೊಸ ಆವೃತ್ತಿ ಹೇಗಿರಬೇಕೆಂಬ ವಿವರಣೆ ಅದು. ಅವರ ವೃತ್ತಿಯಲ್ಲಿ ಇದಕ್ಕೆ ಪಿಆರ್‌ಡಿ ಎಂದು ಹೆಸರು. ಏನನ್ನು ಕಟ್ಟಬೇಕು, ಯಾರಿಗಾಗಿ, ಏಕೆ, ಯಾವುದನ್ನು ಸದ್ಯಕ್ಕೆ ಮುಟ್ಟಬಾರದು, ಕೆಲಸ ಫಲಿಸಿತೆಂದು ತಿಳಿಯುವುದು ಹೇಗೆ ಎಂಬುದನ್ನೆಲ್ಲ ಅದರಲ್ಲಿ ಬರೆಯುತ್ತಾರೆ. ಎಂಜಿನಿಯರುಗಳು, ವಿನ್ಯಾಸಕಾರರು, ಪರೀಕ್ಷಕರು ಅದನ್ನು ಆಧರಿಸಿ ಕೆಲಸಕ್ಕೆ ತೊಡಗುತ್ತಾರೆ.

ಮೊದಲ ಪುಟದಲ್ಲೇ ನನ್ನ ಪೆನ್ಸಿಲ್ ನಿಂತಿತು. 'ಸಮಸ್ಯೆ: ಬಳಕೆದಾರರು ದಿನಕ್ಕೊಮ್ಮೆ ಮಾತ್ರ ಆ್ಯಪ್ ತೆರೆಯುತ್ತಾರೆ' ಎಂದಿತ್ತು. ಇದು ಯಾರ ಸಮಸ್ಯೆ? ರಾತ್ರಿ ಬಾಗಿಲು ಹಾಕುವ ಮುನ್ನ ಒಮ್ಮೆ ಲೆಕ್ಕ ಬರೆದರೆ ಅಂಗಡಿಯವನ ಕೆಲಸ ಮುಗಿಯಿತು. ಅವನು ಹತ್ತು ಬಾರಿ ತೆರೆಯಬೇಕೆಂಬುದು ಕಂಪೆನಿಯ ಆಸೆ. ಅಳತೆಗೋಲನ್ನೇ ಗುರಿಯಾಗಿಸಿದರೆ ಅದು ಅಳೆಯುವ ಗುಣವನ್ನೇ ಕಳೆದುಕೊಳ್ಳುತ್ತದೆಂಬ ವಿಚಾರವನ್ನು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನೊಂದಿಗೆ ಜೋಡಿಸುತ್ತಾರೆ. ಆತ ಅದರ ಮೂಲರೂಪವನ್ನು ಮಂಡಿಸಿದ್ದು 1975ರಲ್ಲಿ. ಕುಟುಂಬ ಯೋಜನೆಯ ಗುರಿಗಳ ಕಾಲವನ್ನು ಕಂಡ ನನ್ನಂಥವರಿಗೆ ಇದಕ್ಕೆ ಪಠ್ಯಪುಸ್ತಕ ಬೇಕಿಲ್ಲ. ಕೇಂದ್ರ ಸರ್ಕಾರ ಆ ಗುರಿಗಳನ್ನು 1996ರಲ್ಲಿ ಕೈಬಿಟ್ಟಿತು.

ಇಂಥ ದಾಖಲೆ ಬರೆಯುವುದೇ ಹಳೆಯ ಕಾಲದ ರೂಢಿ ಎನ್ನುವವರು ಆಕೆಯ ಕಚೇರಿಯಲ್ಲೂ ಇದ್ದಾರಂತೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ ಹದಿನೇಳು ಮಂದಿ ತಂತ್ರಾಂಶ ತಜ್ಞರು, ವಿಸ್ತಾರವಾದ ದಾಖಲೆಗಿಂತ ಓಡುವ ತಂತ್ರಾಂಶವೇ ಮೇಲೆಂದು ಘೋಷಿಸಿದರು. ಆದರೆ ಅಮೆಜಾನ್ ಕಂಪೆನಿಯ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟ್ ತೆಗೆದುಹಾಕಿ, ಪೂರ್ಣ ವಾಕ್ಯಗಳ ಟಿಪ್ಪಣಿಯನ್ನು ಜಾರಿಗೆ ತಂದರು. ನಮ್ಮ ಸಚಿವಾಲಯದ ಗುಮಾಸ್ತರು ಈ ವಿಷಯದಲ್ಲಿ ಅವರಿಗಿಂತ ಮುಂದಿದ್ದರೆಂದು ನಾನು ತಮಾಷೆ ಮಾಡುವುದುಂಟು.

ಅದೇ 2001ರಲ್ಲಿ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಜಾರಿಗೆ ಬಂತು. ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ರೈತ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಪ್ರತಿ ಪಡೆಯುವಂತಾಯಿತು. ನಾನು ಬೇರೆ ಇಲಾಖೆಯಲ್ಲಿದ್ದು ದೂರದಿಂದ ನೋಡಿದವನು. ನನ್ನನ್ನು ಸೆಳೆದದ್ದು ಯಂತ್ರಗಳಲ್ಲ, ಅವು ಪಾಲಿಸಬೇಕಾಗಿದ್ದ ಮೂರು ನಿಯಮಗಳು. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿಯೇ ಮೊದಲು ವಿಲೇವಾರಿಯಾಗಬೇಕು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕು. ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲ. ಯಾರ ಅರ್ಜಿ ಮೇಲೆ, ಯಾರದ್ದು ಕೆಳಗೆ ಎಂದು ತೀರ್ಮಾನಿಸುತ್ತಿದ್ದ ಕೈಗಳನ್ನು ಕಟ್ಟಿಹಾಕಿದ್ದು ಈ ಸಾಲುಗಳು. ಆದರೆ ಗಣಕಕ್ಕೆ ಸೇರಿದ್ದು ಇದ್ದ ದಾಖಲೆ ಇದ್ದಂತೆಯೇ. ಪೋಡಿಯಾಗದ, ಬಹುಮಾಲೀಕತ್ವದ ಜಮೀನುಗಳ ಸಿಕ್ಕು ಸಿಕ್ಕಾಗಿಯೇ ಉಳಿಯಿತು. ಅದನ್ನೂ ಬಿಡಿಸಲು ಹೊರಟಿದ್ದರೆ ಯೋಜನೆ ಮುಗಿಯುತ್ತಲೇ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ. ಕೈಬಿಟ್ಟದ್ದರ ಭಾರ ಹೊತ್ತವನು ಮಾತ್ರ ರೈತ.

ಪಿಆರ್‌ಡಿಯಲ್ಲಿ ಆಕೆ ಎರಡೇ ಸಾಲು ಬರೆದಿದ್ದ 'ವ್ಯಾಪ್ತಿಗೆ ಹೊರತಾದದ್ದು' ಎಂಬ ಭಾಗವನ್ನು ವಿಸ್ತರಿಸುವಂತೆ ನಾನು ಒತ್ತಾಯಿಸಿದ್ದಕ್ಕೆ ಬೇರೊಂದು ಕಾರಣವೂ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಜಿಲ್ಲೆಯಲ್ಲಿ ವೃದ್ಧಾಪ್ಯ ವೇತನದ ಅರ್ಜಿಗಳನ್ನು ಗಣಕೀಕರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗಿಲ್ಲ, ಹೀಗಿರಬೇಕು ಎಂದು ತಂತ್ರಾಂಶದವರಿಗೆ ಒಂಬತ್ತು ಪುಟ ಬರೆದುಕೊಟ್ಟೆ. ಅದರಲ್ಲಿ, 'ಜನ್ಮದಿನಾಂಕದ ಕಾಲಂ ಖಾಲಿ ಇದ್ದರೆ ಅರ್ಜಿಯನ್ನು ಸ್ವೀಕರಿಸತಕ್ಕದ್ದಲ್ಲ' ಎಂಬ ಸಾಲೂ ಒಂದು. ಅಕ್ರಮ ಫಲಾನುಭವಿಗಳನ್ನು ತಡೆಯುವ ಉದ್ದೇಶ ನನ್ನದು. ಕೆಲವು ತಿಂಗಳ ಬಳಿಕ ಕಚೇರಿಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರನ್ನು ಮಾತನಾಡಿಸಿದೆ. ನಾಲ್ಕನೆಯ ಸಲ ಬಂದಿದ್ದರು. ಹುಟ್ಟಿದ್ದು ಯಾವಾಗವ್ವ ಎಂದರೆ, ಊರ ಕೆರೆ ಕೋಡಿ ಒಡೆದ ವರ್ಷ ಎಂದರು. ಅವರ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಬರೆಯಲು ನನ್ನ ಒಂಬತ್ತು ಪುಟಗಳಲ್ಲಿ ಜಾಗವಿರಲಿಲ್ಲ. ಒಳಗೆ ಕುಳಿತ ಗುಮಾಸ್ತ ಮೊದಲಾದರೆ ಮುಖ ನೋಡಿ, 'ಅಂದಾಜು ಎಪ್ಪತ್ತು' ಎಂದು ಬರೆದುಕೊಳ್ಳುತ್ತಿದ್ದ. ಈಗ ಗಣಕವೇ ಒಪ್ಪುವುದಿಲ್ಲವೆಂದು ಕೈಚೆಲ್ಲಿದ. ಒಪ್ಪದಿದ್ದದ್ದು ಗಣಕವಲ್ಲ, ನಾನು. ಆ ಒಂಬತ್ತು ಪುಟ ಬರೆಯುವ ಮುನ್ನ ಒಂದು ದಿನವಾದರೂ ಆ ಜಗಲಿಯಲ್ಲಿ ಕುಳಿತಿರಲಿಲ್ಲ.

ತಂಗಿಯ ಮಗಳು ಮರುವಾರ ಎರಡು ದಿನ ಗಿರಿನಗರದ ದಿನಸಿ ಅಂಗಡಿಯೊಂದರಲ್ಲಿ ಕುಳಿತು ಬಂದಳು. ಅಂಗಡಿಯವನು ಕೆಲವು ಗಿರಾಕಿಗಳ ಹೆಸರನ್ನು ಬೇಕೆಂದೇ ಬರೆಯುವುದಿಲ್ಲವಂತೆ. ಮನೆಯವರಿಗೆ ಸಾಲದ ವಿಷಯ ತಿಳಿಯಬಾರದೆಂದು ಅವರೇ ಕೇಳಿಕೊಂಡಿರುತ್ತಾರೆ. ಹೆಸರಿನ ಕಾಲಂ ಖಾಲಿ ಬಿಡಬಹುದು ಎಂದು ತಿದ್ದಿದ ಪ್ರತಿಯಲ್ಲಿ ಸೇರಿಸಿದ್ದಳು. ಹೊರಡುವಾಗ, 'ಆ ಅಜ್ಜಿಗೆ ವೇತನ ಸಿಕ್ಕಿತಾ ಮಾವ?' ಎಂದು ಕೇಳಿದಳು.

ಸಿಕ್ಕಿತು. ಜನವರಿ ಒಂದನೇ ತಾರೀಖು ಹುಟ್ಟಿದರೆಂದು ನಾನೇ ಬರೆಸಿದೆ. ಕಳೆದುಹೋದ ತಿಂಗಳುಗಳ ಹಣ ಮಾತ್ರ ಸಿಗಲಿಲ್ಲ. ಅದಕ್ಕೂ ನಾನು ಕಾಲಂ ಇಟ್ಟಿರಲಿಲ್ಲ.