ತರಗು ಬೆಂಕಿ ಮತ್ತು ಅನುಮಾನಪ್ರಮಾಣ

ನ್ಯಾಯಶಾಸ್ತ್ರದ ಅಭ್ಯಾಸಿಗೆ ಮೊದಲು ದೊರೆಯುವ ನಿದರ್ಶನವು ಬೆಟ್ಟದ್ದೇ: ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಆದುದರಿಂದ ಅಲ್ಲಿ ಬೆಂಕಿಯುಂಟು. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಈ ತರ್ಕವು ತಿರುವುಮುರುವಾಗಿದೆ. ಅಲ್ಲಿಯ ಸೋಲಿಗರು ಬೆಂಕಿಯ ಅಭಾವವನ್ನೇ ಹೇತುವಾಗಿಟ್ಟು ಮಾತನಾಡುತ್ತಾರೆ.

ಬೇಸಗೆ ಬಲಿಯುವ ಮುನ್ನ ಉದುರಿದೆಲೆಗೆ ಇಡುತ್ತಿದ್ದ ಹಗುರವಾದ ಬೆಂಕಿಗೆ ಅವರಲ್ಲಿ ತರಗು ಬೆಂಕಿಯೆಂದು ಹೆಸರು. (ಕಾಳ್ಗಿಚ್ಚಿನ ಮಾತು ಬೇರೆ.) 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು, ತರಗು ಬೆಂಕಿಗೆ ತಡೆ ಬಿತ್ತು. ಅದರಿಂದಲೇ ನೆಲ್ಲಿಮರಗಳಿಗೆ ಬದನಿಕೆ ಹತ್ತಿತು, ನೆಲವನ್ನು ಲಂಟಾನ ಮುಸುಕಿತು ಎಂಬುದು ಸೋಲಿಗರ ವಾದ.

ಇದು ಜ್ಞಾನವೋ, ಬರಿಯ ನಂಬಿಕೆಯೋ? ಹೇಳಿದವರು ಕಾಡಿನವರೆಂಬ ಕಾರಣದಿಂದ ಇದನ್ನು ನಂಬಿಕೆಯ ಪಾಲಿಗೆ ಹಾಕುವುದು ಸಲ್ಲದು. ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಆಪ್ತನ ಲಕ್ಷಣವನ್ನು ಹೇಳುತ್ತ, ವಿಷಯವನ್ನು ಸಾಕ್ಷಾತ್ತಾಗಿ ಕಂಡು ಕಂಡಂತೆ ತಿಳಿಸಬಯಸುವವನೇ ಆಪ್ತನೆಂದೂ, ಆ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಸ್ಪಷ್ಟಪಡಿಸಿದ್ದಾನೆ. ಜ್ಞಾನಕ್ಕೆ ಕುಲವನ್ನು ಕೇಳದ ಈ ವಾಕ್ಯವನ್ನು ನಮ್ಮ ಪಾಠಗಳಲ್ಲಿ ಓಡಿಸಿಬಿಡುವುದು ವಿಷಾದಕರ.

ಆದರೆ ಆಪ್ತನು ಕಂಡದ್ದು ಬದನಿಕೆಯನ್ನು. ಬೆಂಕಿ ನಿಂತದ್ದೇ ಅದಕ್ಕೆ ಕಾರಣವೆಂಬುದನ್ನು ಅವನು ಊಹಿಸಿದ್ದಾನೆ. ಇಲ್ಲಿ ಉಪಾಧಿಯ ಶಂಕೆ ಏಳುತ್ತದೆ. ಬೆಂಕಿಯಿದ್ದೆಡೆಯೆಲ್ಲ ಹೊಗೆಯಿರುವುದಿಲ್ಲ, ಸೌದೆ ಹಸಿಯಾಗಿರಬೇಕು. ಹಾಗೆಯೇ ಬದನಿಕೆಯ ಹೆಚ್ಚಳಕ್ಕೆ ಬೀಜ ಹರಡುವ ಹಕ್ಕಿಗಳೂ ಮಳೆಯ ಏರಿಳಿತವೂ ಕಾರಣವಾಗಿರಬಹುದು. ಲಂಟಾನವಂತೂ ಈ ಬೆಟ್ಟಕ್ಕೇ ಸೀಮಿತವಲ್ಲ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯಿಂದ ಪೀಠೋಪಕರಣಗಳನ್ನೇ ಹೆಣೆದಿದ್ದಾರೆ.

ಸಂಶೋಧಕರು ಈ ವಾದವನ್ನು ತಳ್ಳಿಹಾಕಿಲ್ಲ. ಬಿಳಿಗಿರಿಯಲ್ಲಿ ಅವರು ಗುರುತಿಟ್ಟ ತುಣುಕುನೆಲಗಳ ಪೈಕಿ 1997ರಲ್ಲಿ ನೂರಕ್ಕೆ ಸುಮಾರು 40ರಲ್ಲಿ ಲಂಟಾನವಿದ್ದರೆ, 2008ರಲ್ಲಿ ಸುಮಾರು 80ರಲ್ಲಿ ಇತ್ತು. ಹರಡಿತೆಂಬುದು ಇದರಿಂದ ಸಿದ್ಧ. ಏಕೆ ಹರಡಿತೆಂಬುದು ಸಿದ್ಧವಲ್ಲ. ಅದನ್ನು ನಿರ್ಣಯಿಸಲು ಅನ್ವಯ, ವ್ಯತಿರೇಕಗಳೆರಡೂ ಬೇಕು: ಒಂದೆಡೆ ತರಗು ಬೆಂಕಿಯನ್ನಿಟ್ಟು, ಪಕ್ಕದಲ್ಲಿ ಇಡದೆ, ಹಲವು ವರ್ಷ ನೋಡಬೇಕು. ಇಡಬಲ್ಲವರಾದರೋ ಸೋಲಿಗರು, ಅವರು ಕಾಡಿಗೆ ಬೆಂಕಿಯಿಡುವುದು ಕಾನೂನಿನಂತೆ ಅಪರಾಧ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅವರ ಸಾಮುದಾಯಿಕ ಹಕ್ಕುಗಳಿಗೆ 2011ರಲ್ಲಿ ಮಾನ್ಯತೆ ದೊರೆತ ಮೇಲೂ ಈ ತೊಡಕು ಬಿಡಿಸಿಲ್ಲ.

ಈ ನಡುವೆ ಪ್ರಮಾಣವೇ ಬದಲಾಗುತ್ತಿದೆ. ಹಿರಿಯರಿಗೆ ಪ್ರತ್ಯಕ್ಷವಾಗಿದ್ದ ತರಗು ಬೆಂಕಿಯು, 1974ರ ಬಳಿಕ ಹುಟ್ಟಿದವರಿಗೆ ಬಹುಮಟ್ಟಿಗೆ ಕೇಳಿದ ಮಾತು.