ಖಾಲಿ ತೋಟಾಗಳಿಗೆ ಹುಳಿನೀರಿನ ಸ್ನಾನ

ಡ್ರಮ್ಮಿನ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ನೀರು. ಇದ್ದಿಲು ಅರೆದು ಕಲಸಿದಷ್ಟು ಕಪ್ಪು, ಮೇಲೆ ಬೂದುಬಣ್ಣದ ನೊರೆ. ಅದನ್ನು ಬಕೆಟ್ಟಿಗೆ ಬಗ್ಗಿಸಿ, ಎರಡು ಸಲ ಹೊಸ ನೀರಲ್ಲಿ ಜಾಲಿಸಿದ ಮೇಲೆ ತಳದಲ್ಲಿ ಹಳದಿ ಹೊಳಪು ಕಾಣಿಸಿತು. ಮೂರು ಗಂಟೆ ಮುಂಚೆ ಅದೇ ಡ್ರಮ್ಮಿನೊಳಗೆ ಹೋಗಿದ್ದು ಬಾಯಿಗೆ ಮಸಿ ಮೆತ್ತಿಕೊಂಡು, ಮೈಮೇಲೆ ಮಣ್ಣು ಒಣಗಿಸಿಕೊಂಡಿದ್ದ ನೂರೈವತ್ತು ಖಾಲಿ ತೋಟಾಗಳು. ಈಗ ಒಂದನ್ನು ಎತ್ತಿ ಬೆಳಕಿಗೆ ಹಿಡಿದರೆ ಒಳಗೋಡೆಯೂ ಬೆಳಗುತ್ತಿತ್ತು. ತಳದ ಸಣ್ಣ ತೂತಿನಾಚೆ ಟ್ಯೂಬ್‌ಲೈಟು ಒಂದು ಚುಕ್ಕಿಯಾಗಿ ಕಾಣುತ್ತಿತ್ತು.

ಇದನ್ನು ಕಂಡದ್ದು ಟೆಕ್ಸಾಸ್‌ನಲ್ಲಿ, ನನ್ನ ಅಕ್ಕನ ಮನೆಯ ಪಕ್ಕದ ಗ್ಯಾರೇಜಿನಲ್ಲಿ. ಆ ಮನೆಯ ಹಿರಿಯರು ಗುರಿ ಹೊಡೆಯುವ ಪಂದ್ಯಗಳಿಗೆ ಹೋಗುವವರು. ಅಮೆರಿಕದಲ್ಲಿ ಅಂಥವರು ಬಹಳ ಮಂದಿ ಹೊಡೆದು ಮುಗಿದ ತೋಟಾದ ಹಿತ್ತಾಳೆ ಕೊಳವೆಯನ್ನು ಎಸೆಯುವುದಿಲ್ಲ. ಆಯ್ದು ತಂದು, ತೊಳೆದು, ಮತ್ತೆ ಅಳತೆಗೆ ಒತ್ತಿ, ಹೊಸದಾಗಿ ತುಂಬಿಕೊಳ್ಳುತ್ತಾರೆ. ರೀಲೋಡಿಂಗ್ ಅನ್ನುವುದು ಇದಕ್ಕೇ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕೇ ಬೇಕು. ಅಲ್ಲಿ ಅದು ಮನೆಯ ಹವ್ಯಾಸ. ನನ್ನ ಕಣ್ಣು ಮಾತ್ರ ತುಂಬುವ ಕೆಲಸದ ಮೇಲಿರಲಿಲ್ಲ, ತೊಳೆಯುವ ಯಂತ್ರದ ಮೇಲಿತ್ತು. ಒಂದು ಲೋಹದ ಸ್ವಭಾವವನ್ನು ಇಷ್ಟು ಹತ್ತಿರದಿಂದ ತೋರಿಸುವ ಯಂತ್ರ ಮನೆಗಳಲ್ಲಿ ಅಪರೂಪ.

ಯಂತ್ರದ ಹೆಸರು ವೆಟ್ ಟಂಬ್ಲರ್. ಟಂಬ್ಲರ್ ಅಂದಕೂಡಲೇ ನಮಗೆ ಕಾಫಿ ಲೋಟ ನೆನಪಾಗುತ್ತದೆ. ಎರಡು ಹೆಸರಿಗೂ ಮೂಲ ಒಂದೇ, ಉರುಳುವುದು. ಹಿಂದಿನ ಕಾಲದ ಇಂಗ್ಲಿಷ್ ಲೋಟಗಳ ತಳ ದುಂಡಗಿದ್ದು, ಕೆಳಗಿಟ್ಟರೆ ಉರುಳಿಬಿಡುತ್ತಿದ್ದವು. ಈ ಯಂತ್ರದಲ್ಲಿ ಉರುಳುವುದು ಅಡ್ಡ ಮಲಗಿಸಿದ ಒಂದು ಡ್ರಮ್ಮು. ಕೆಳಗೆ ಎರಡು ಉರುಳೆ, ಪಕ್ಕದಲ್ಲಿ ಒಂದು ಮೋಟಾರು, ಅಷ್ಟೇ. ಬಣ್ಣದ ಕಲ್ಲುಗಳನ್ನು ನಯ ಮಾಡುವವರು ಬಳಸುತ್ತಿದ್ದ ಡ್ರಮ್ಮನ್ನೇ ರೀಲೋಡಿಂಗ್‌ನವರು ತಮ್ಮದಾಗಿಸಿಕೊಂಡರು. ಥಮ್ಲರ್ಸ್ ಟಂಬ್ಲರ್ ಎಂಬ ಹಳೆಯ ಕಲ್ಲು ಯಂತ್ರದ ‘ಮಾಡೆಲ್ ಬಿ’ ಹೊರುವುದು 15 ಪೌಂಡ್ ಭಾರ. ಆ ಲೆಕ್ಕಕ್ಕೆ ಹೊಂದಿಸಿದ ಪಾಕವೇ ಈಗ ಎಲ್ಲರ ಬಾಯಲ್ಲಿದೆ: 5 ಪೌಂಡ್ ಸ್ಟೇನ್‌ಲೆಸ್ ಉಕ್ಕಿನ ಕಡ್ಡಿ, 2 ಪೌಂಡ್ ಹಿತ್ತಾಳೆ, ಒಂದು ಗ್ಯಾಲನ್ ನೀರು, ಒಂದಿಷ್ಟು ಪಾತ್ರೆ ತೊಳೆಯುವ ಸೋಪು, ಕಾಲು ಚಮಚ ನಿಂಬೆಹುಳಿ, ಅಂದರೆ ಸಿಟ್ರಿಕ್ ಆಮ್ಲ.

ಕೊಳಕು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡಬೇಕು. 223 ರೆಮಿಂಗ್ಟನ್ ಎಂಬ ರೈಫಲ್ ತೋಟಾದ ಹಿತ್ತಾಳೆ ಕೊಳವೆ 44.7 ಮಿಲಿಮೀಟರ್ ಉದ್ದ, ಸುಮಾರು 6 ಗ್ರಾಂ ತೂಕ. ಅದರ ತಳದ ಗುಂಡಿಯಲ್ಲಿ ಪ್ರೈಮರ್ ಇರುತ್ತದೆ. ಮಲೆನಾಡಿನ ಕೇಪಿನ ಕೋವಿಯಲ್ಲಿ ಕೇಪು ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಕುದುರೆ ಎಳೆದಾಗ ಪ್ರೈಮರ್ ಸಿಡಿದು, ಒಳಗಿನ ಮದ್ದು ಹತ್ತಿಕೊಂಡು, ಒತ್ತಡ ಚದರ ಇಂಚಿಗೆ 55,000 ಪೌಂಡ್‌ವರೆಗೆ ಏರಬಹುದು. ವಾತಾವರಣದ ಒತ್ತಡದ 3,700 ಪಟ್ಟು ಅದು. ಆ ಕ್ಷಣದಲ್ಲಿ ಹಿತ್ತಾಳೆ ಕೊಳವೆ ಉಬ್ಬಿ ಕೋವಿಯ ಒಳಗೋಡೆಗೆ ಅಂಟಿಕೊಂಡು ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ಬಿರಡೆಯಾಗುತ್ತದೆ. ಒತ್ತಡ ಇಳಿದೊಡನೆ ಚೂರು ಕುಗ್ಗಿ, ಸಿಕ್ಕಿಕೊಳ್ಳದೆ ಹೊರಗೆ ಬೀಳುತ್ತದೆ. ಉಬ್ಬಲೂ ಬೇಕು, ಕುಗ್ಗಲೂ ಬೇಕು, ಹರಿಯಬಾರದು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆ ಈ ಮೂರೂ ಕೆಲಸ ಮಾಡುತ್ತದೆ. ಲೋಹಶಾಸ್ತ್ರದಲ್ಲಿ ಆ ಮಿಶ್ರಣಕ್ಕೆ ಕಾಟ್ರಿಡ್ಜ್ ಬ್ರಾಸ್ ಎಂದೇ ಹೆಸರು. ತೋಟಾದ ನಾಲ್ಕು ಭಾಗಗಳಾದ ಗುಂಡು, ಮದ್ದು, ಪ್ರೈಮರ್, ಕೊಳವೆಗಳಲ್ಲಿ ಮತ್ತೆ ಬಳಸಬಹುದಾದದ್ದು ಕೊಳವೆ ಒಂದೇ, ದುಬಾರಿಯೂ ಅದೇ.

ಸ್ನಾನಕ್ಕೆ ಮುಂಚೆ ಸಿಡಿದ ಪ್ರೈಮರ್‌ಗಳನ್ನು ಒಂದೊಂದಾಗಿ ಹೊರಗೆ ತಳ್ಳುತ್ತಾರೆ, ಗುಂಡಿಯೊಳಕ್ಕೂ ನೀರು ಹೋಗಲಿ ಅಂತ. ಇನ್ನು ಉಕ್ಕಿನ ಕಡ್ಡಿಗಳು. ಒಂದೊಂದು 1.2 ಮಿಲಿಮೀಟರ್ ದಪ್ಪ, 6.5 ಮಿಲಿಮೀಟರ್ ಉದ್ದ. ಜೀರಿಗೆ ಕಾಳನ್ನು ನೆನಪಿಗೆ ತರುತ್ತವೆ. ಒಂದರ ತೂಕ 60 ಮಿಲಿಗ್ರಾಂ ಕೂಡ ಇಲ್ಲ. ಲೆಕ್ಕ ಹಾಕಿದರೆ 5 ಪೌಂಡಿಗೆ 40,000ದ ಹತ್ತಿರ ಕಡ್ಡಿಗಳಾಗುತ್ತವೆ! ಉಕ್ಕು ಹಿತ್ತಾಳೆಗಿಂತ ಗಟ್ಟಿ, ಆದರೂ ಹಿತ್ತಾಳೆ ಗೀರಿಹೋಗುವುದಿಲ್ಲ. ಕಡ್ಡಿ ಹಗುರ, ಬೀಳುವ ಎತ್ತರ ಒಂದು ಗೇಣೂ ಇಲ್ಲ, ನಡುವೆ ಸೋಪುನೀರು ಬೇರೆ. ಒಂದೊಂದು ಏಟೂ ಸವರಿದ ಹಾಗೆ. ಅಂಥ ಲಕ್ಷಾಂತರ ಸವರಿಕೆ ಸೇರಿ ಮಸಿಯನ್ನು ಎಬ್ಬಿಸುತ್ತವೆ. ಉಕ್ಕಿಗೂ ಹಿತ್ತಾಳೆಗೂ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡೂ ಬೇರೆ ಬೇರೆ ಪದರವಾಗದೆ ಚೆನ್ನಾಗಿ ಬೆರೆತು ಉರುಳುತ್ತವೆ. ಯಾವ ಬ್ರಷ್ಷೂ ತಲುಪದ ಪ್ರೈಮರ್ ಗುಂಡಿಯ ಮೂಲೆಗೂ ಕಡ್ಡಿಯ ತುದಿ ಹೋಗುತ್ತದೆ.

ವೇಗ ಹೆಚ್ಚಿಸಿದರೆ ಬೇಗ ಮುಗಿಯುತ್ತದಲ್ಲ ಅಂದುಕೊಂಡಿದ್ದೆ. ಹಾಗಾಗುವುದಿಲ್ಲ. ಡ್ರಮ್ಮು ಒಂದು ಮಿತಿ ದಾಟಿ ಸುತ್ತಿದರೆ ಒಳಗಿದ್ದದ್ದೆಲ್ಲ ಗೋಡೆಗೆ ಅಂಟಿಕೊಂಡು ಅದರ ಜೊತೆಗೇ ಸುತ್ತುತ್ತದೆ; ಬೀಳುವುದೂ ಇಲ್ಲ, ಉಜ್ಜುವುದೂ ಇಲ್ಲ. 20 ಸೆಂಟಿಮೀಟರ್ ವ್ಯಾಸದ ಡ್ರಮ್ಮಿಗೆ ಲೆಕ್ಕದಲ್ಲಿ ಆ ಮಿತಿ ನಿಮಿಷಕ್ಕೆ ಸುಮಾರು 95 ಸುತ್ತು. ಅದಕ್ಕಿಂತ ಎಷ್ಟೋ ಕೆಳಗಿದ್ದಾಗಲೇ ಸರಕು ಗೋಡೆಯ ಜೊತೆ ಸ್ವಲ್ಪ ಮೇಲೇರಿ, ಅಲ್ಲಿಂದ ಮರಳ ದಿಬ್ಬ ಜಾರಿದಂತೆ ಜಾರುತ್ತದೆ. ಅದಿರು ಅರೆಯುವ ದೊಡ್ಡ ಬಾಲ್ ಮಿಲ್ಲುಗಳಿಗೂ ಇದೇ ಲೆಕ್ಕ.

ಉಜ್ಜಾಟದಿಂದ ಮಸಿ ಹೋಗಬಹುದು, ಕಿಲುಬು ಪೂರ್ತಿ ಹೋಗುವುದಿಲ್ಲ. ಅದಕ್ಕೆ ಹುಳಿ ಬೇಕು. ಈ ಮಾತು ನಮ್ಮ ಅಡುಗೆಮನೆಗೆ ಹೊಸದೇನಲ್ಲ. ಹಬ್ಬದ ಹಿಂದಿನ ದಿನ ದೀಪದ ಕಂಬಕ್ಕೂ ಹಂಡೆಗೂ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಡೆಯುವುದೂ ಇದೇ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ. ಎರಡೂ ತಾಮ್ರದ ಆಕ್ಸೈಡನ್ನು ಕರಗಿಸಿ, ಬಿಡುಗಡೆಯಾದ ತಾಮ್ರವನ್ನು ಹಿಡಿದು ನೀರಿನಲ್ಲೇ ಇಟ್ಟುಕೊಳ್ಳುತ್ತವೆ. ಸೋಪಿಗೆ ಇನ್ನೊಂದು ಕೆಲಸ: ಎದ್ದ ಮಸಿಯ ಕಣಗಳನ್ನು ತೇಲಿಸಿ, ಮತ್ತೆ ಲೋಹಕ್ಕೆ ಹತ್ತದಂತೆ ನೋಡಿಕೊಳ್ಳುವುದು. ಹುಳಿ ಹೆಚ್ಚಾದರೆ, ಅಥವಾ ಹೊತ್ತು ಮೀರಿದರೆ, ಹಿತ್ತಾಳೆಯ ಮೇಲ್ಮೈಯಿಂದ ಸತು ಕರಗಿ ಹೋಗಿ ತಾಮ್ರ ಉಳಿದು ಮೈ ಗುಲಾಬಿಗೆ ತಿರುಗುತ್ತದೆ. ಹುಣಸೆ ಹಚ್ಚಿ ಮರೆತುಬಿಟ್ಟ ಚೊಂಬಿನ ಮೇಲೆ ಆ ಕೆಂಪನ್ನು ಕಂಡವರು ಬಹಳ ಮಂದಿ ಇದ್ದಾರೆ. ಕಾಲು ಚಮಚ ಅಂದರೆ ಕಾಲು ಚಮಚವೇ.

ಹಾಗಾದರೆ ನೀರೇ ಏಕೆ? ಒಣ ವಿಧಾನವೂ ಇದೆ: ಮುಸುಕಿನ ಜೋಳದ ದಿಂಡಿನ ಪುಡಿ ಅಥವಾ ಅಕ್ರೋಟು ಚಿಪ್ಪಿನ ಪುಡಿಯೊಳಗೆ ತೋಟಾಗಳನ್ನು ಹೂತು ಅದುರಿಸುತ್ತಾರೆ. ಅಗ್ಗ, ಸುಲಭ, ಒಣಗಿಸುವ ರಗಳೆ ಇಲ್ಲ. ಆದರೂ ನಾನು ಒದ್ದೆ ವಿಧಾನದ ಪರ, ಅದಕ್ಕೆ ಕಾರಣ ಸೀಸ. ಸಾಮಾನ್ಯ ಪ್ರೈಮರ್‌ನಲ್ಲಿರುವುದು ಸೀಸದ ಸ್ಟಿಫ್ನೇಟ್, ಬೇರಿಯಂ ನೈಟ್ರೇಟ್, ಆಂಟಿಮನಿ ಸಲ್ಫೈಡ್. ಸಿಡಿದ ಮೇಲೆ ಆ ಸೀಸ ಸೂಕ್ಷ್ಮ ಕಣವಾಗಿ ಕೊಳವೆಯೊಳಗೆ ಉಳಿಯುತ್ತದೆ. ಒಣ ಪುಡಿಯನ್ನು ಜರಡಿ ಹಿಡಿದಾಗ ಏಳುವ ದೂಳಿನಲ್ಲಿ ಅದು ಮೂಗಿಗೆ ಬರುತ್ತದೆ, ಬಟ್ಟೆಗೆ ಹತ್ತಿ ಮನೆಯೊಳಕ್ಕೂ ಬರುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲ. ನೀರಿನಲ್ಲಿ ದೂಳು ಏಳುವುದಿಲ್ಲ. ಸೀಸವೆಲ್ಲ ಆ ಕಪ್ಪು ನೀರಿನಲ್ಲೇ ಇರುತ್ತದೆ. ಹಿರಿಯರು ಕೈಗವಸು ಹಾಕಿಯೇ ಅದನ್ನು ಮುಟ್ಟಿದ್ದು, ಅಡುಗೆಮನೆಯ ಸಿಂಕಿನ ಹತ್ತಿರಕ್ಕೂ ತರದೆ ಬೇರೆ ಬಕೆಟ್ಟಿನಲ್ಲಿ ಎತ್ತಿಟ್ಟದ್ದು ನೋಡಿ ನನಗೆ ಸಮಾಧಾನವಾಯಿತು. ಆ ನೀರನ್ನು ಹಿತ್ತಲಿನ ಗಿಡಕ್ಕೆ ಸುರಿಯುವವರು ತಮ್ಮ ಮಣ್ಣನ್ನೇ ಕೆಡಿಸಿಕೊಳ್ಳುತ್ತಾರೆ.

ಕಡ್ಡಿ ಬೇರ್ಪಡಿಸುವುದು ತಾಳ್ಮೆಯ ಕೆಲಸ. ಕೊಳವೆಗಳನ್ನು ನೀರಿನೊಳಗೇ ಬೋರಲು ಮಾಡಿ ಅಲುಗಿಸಿದರೆ ಕಡ್ಡಿಗಳು ಉದುರುತ್ತವೆ, ಉಳಿದವನ್ನು ಅಯಸ್ಕಾಂತ ಹೆಕ್ಕುತ್ತದೆ. ಸ್ಟೇನ್‌ಲೆಸ್ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲ ಅಂತಲ್ಲವೇ ನಾವು ಪಾತ್ರೆ ಅಂಗಡಿಯಲ್ಲಿ ಪರೀಕ್ಷೆ ಮಾಡುವುದು? ತಣ್ಣಗಿರುವಾಗಲೇ ಎಳೆದು ತಂತಿ ಮಾಡಿದರೆ ಅಂಥ ಉಕ್ಕಿನ ಒಳರಚನೆ ಒಂದಿಷ್ಟು ಬದಲಾಗಿ ಅಯಸ್ಕಾಂತಕ್ಕೆ ಸಿಗುವಂತಾಗುತ್ತದೆ. ತಳದ ತೂತು ಸುಮಾರು 2 ಮಿಲಿಮೀಟರ್. ಒಂದು ಕಡ್ಡಿ ಸಲೀಸಾಗಿ ಜಾರುತ್ತದೆ, ಎರಡು ಒಟ್ಟಿಗೆ ನುಗ್ಗಿದರೆ ಅಲ್ಲೇ ಕಚ್ಚಿಕೊಳ್ಳುತ್ತವೆ. ಅದಕ್ಕೇ ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡುವುದು. ಒಣಗಲು ಟೆಕ್ಸಾಸ್‌ನ ಬಿಸಿಲು ಸಾಕು. ಒಲೆಯಲ್ಲಿ ಜೋರಾಗಿ ಕಾಯಿಸಿದರೆ ಗಟ್ಟಿಯಾಗಿರಬೇಕಾದ ತಳ ಮೆತ್ತಗಾಗುತ್ತದೆ.

ಇಷ್ಟು ಮಾಡಿದರೆ ಗುರಿ ಹೆಚ್ಚು ನೆಟ್ಟಗಾಗುತ್ತದೆಯೇ ಎಂದು ಕೇಳಿದೆ. ಇಲ್ಲ ಅಂದರು. ಕುತ್ತಿಗೆಯೊಳಗಿನ ತೆಳು ಮಸಿ ಗುಂಡು ನಯವಾಗಿ ಕೂರಲು ನೆರವಾಗುತ್ತದೆ ಎಂದು ಅದನ್ನು ಉಳಿಸಿಕೊಳ್ಳುವ ಪಂದ್ಯಗಾರರೂ ಇದ್ದಾರಂತೆ. ಮಣ್ಣಿನ ಕಣ ಇದ್ದರೆ ಅಳತೆಗೆ ಒತ್ತುವ ಅಚ್ಚು ಗೀರಿಹೋಗುತ್ತದೆ, ಅದೊಂದು ಕಾರಣ. ಅದಕ್ಕಿಂತ ದೊಡ್ಡದು, ಮಸಿಯ ಕೆಳಗೆ ಅಡಗಿದ ಬಿರುಕು ಕಣ್ಣಿಗೆ ಬೀಳುವುದು.

ಹಿತ್ತಾಳೆಯ ಬಿರುಕಿನ ಕಥೆಗೆ ನಮ್ಮ ದೇಶದ ಮಳೆಗಾಲವೂ ಸೇರಿಕೊಂಡಿದೆ. ಬ್ರಿಟಿಷರ ಕಾಲದಲ್ಲಿ ಮಳೆ ಶುರುವಾದರೆ ಭಾರತದಲ್ಲಿದ್ದ ಅವರ ಸೈನ್ಯದ ಚಟುವಟಿಕೆ ಇಳಿಯುತ್ತಿತ್ತು, ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತು ತೆಗೆದು ನೋಡಿದರೆ ಎಷ್ಟೋ ತೋಟಾಗಳು, ಅದರಲ್ಲೂ ಗುಂಡನ್ನು ಬಿಗಿಯಾಗಿ ಹಿಡಿದ ಕುತ್ತಿಗೆಯ ಬಳಿ, ಸೀಳು ಬಿಟ್ಟಿರುತ್ತಿದ್ದವು. ಯಾರೂ ಹೊಡೆದಿಲ್ಲ, ಬೀಳಿಸಿಲ್ಲ. ಋತುವಿನ ಜೊತೆ ಬರುವ ಈ ರೋಗಕ್ಕೆ ಸೀಸನ್ ಕ್ರ್ಯಾಕಿಂಗ್ ಎಂದು ಹೆಸರಾಯಿತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು. ಕುದುರೆಯ ಗಂಜಳದಿಂದ ಏಳುವ ಅಮೋನಿಯಾ ಒಂದು ಕಡೆ. ತಣ್ಣಗೆ ಎಳೆದು ರೂಪ ಕೊಟ್ಟಾಗ ಲೋಹದೊಳಗೆ ಉಳಿದ ಬಿಗಿತ ಇನ್ನೊಂದು ಕಡೆ. ಎರಡೂ ಒಂದೇ ಕಡೆ ಸೇರಿದಾಗ ಹಿತ್ತಾಳೆ ತಾನಾಗಿ ಸೀಳುತ್ತದೆ. ಹದವಾಗಿ ಕಾಯಿಸಿ ಆ ಬಿಗಿತ ಬಿಡಿಸುವುದೇ ಮದ್ದು. ಹಿತ್ತಾಳೆ ಹೊಳಪಿಸುವ ಕೆಲವು ದ್ರವಗಳಲ್ಲಿ ಅಮೋನಿಯಾ ಇರುವುದುಂಟು. ದೇವರ ದೀಪಕ್ಕೆ ಹಚ್ಚಿ ತೊಳೆದರೆ ಚಿಂತೆಯಿಲ್ಲ, ಮುಖದ ಹತ್ತಿರ ಸಿಡಿಯುವ ತೋಟಾಕ್ಕೆ ಅದು ಬೇಡ.

ಬಿಸಿಲಲ್ಲಿ ಹರವಿದ್ದ ಕೊಳವೆಗಳ ಮುಂದೆ ಕೂತು ಅವರು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದರು. ತುದಿ ಬಗ್ಗಿಸಿದ ಒಂದು ತಂತಿಯನ್ನು ಒಳಕ್ಕೆ ಬಿಟ್ಟು ತಳದ ಹತ್ತಿರ ಗೋಡೆ ತೆಳುವಾಗಿ ಹಳ್ಳ ಬಿದ್ದಿದೆಯೇ ಎಂದು ತಡವುತ್ತಿದ್ದರು. ಅಲ್ಲಿ ತೆಳುವಾದ ಕೊಳವೆ ಮುಂದಿನ ಸಲ ಎರಡು ತುಂಡಾಗಬಹುದು. ನೂರು ದಾಟಿದ ಮೇಲೆ ಒಂದನ್ನು ನನ್ನ ಕೈಗಿಟ್ಟರು. ಕುತ್ತಿಗೆಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ, ನೇರ, ಉಗುರಿಗಿಂತ ಉದ್ದವಿಲ್ಲ. ಅದು ಮಸಿಯಾಗಿದ್ದರೆ ಮೂರು ಗಂಟೆಯ ಸ್ನಾನದಲ್ಲಿ ಹೋಗಿಬಿಡುತ್ತಿತ್ತು. ಅಂಚಿಗೆ ಉಗುರು ಒತ್ತಿದೆ, ಸಿಕ್ಕಿಕೊಂಡಿತು. ಅವರು ಅದನ್ನು ವಾಪಸು ಪಡೆದು, ಇನ್ಯಾರೂ ತುಂಬಲಾಗದಂತೆ ಇಕ್ಕಳದಿಂದ ಬಾಯಿ ಜಜ್ಜಿ, ಗುಜರಿಗೆ ಹೋಗುವ ಡಬ್ಬಿಗೆ ಹಾಕಿ, ಮುಂದಿನದನ್ನು ಕೈಗೆತ್ತಿಕೊಂಡರು.